ಇಪ್ಪತ್ನಾಲ್ಕು ಇಂಗಾಲಗಳ ಲೆಕ್ಕ: ಪಿತ್ತಾಮ್ಲ ‘ಮಾಯವಾದ’ ಒಂದು ಪ್ರಕರಣ

ಈ ಪ್ರಕರಣದಲ್ಲಿ ಬರುವವರು ನಾಲ್ವರು: ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ಆಕೆಯ ಮಾರ್ಗದರ್ಶಕಿ, ಬಹಳ ವರ್ಷಗಳಿಂದ ಪ್ರಯೋಗಾಲಯ ನೋಡಿಕೊಂಡು ಬಂದಿರುವ ಸಹಾಯಕರು, ಮತ್ತು ಸಹ-ಮಾರ್ಗದರ್ಶಕನಾದ ನಾನು. ಯಾರ ಗುರುತೂ ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬ್ಯಾಕ್ಟೀರಿಯಾ ತಳಿಗಳನ್ನು ‘ತಳಿ ಕ’, ‘ತಳಿ ಖ’ ಎಂದಷ್ಟೇ ಕರೆಯುತ್ತೇನೆ. ಎಡವಿದ ಜಾಗಗಳನ್ನು ಮಾತ್ರ ಇದ್ದದ್ದು ಇದ್ದಹಾಗೆ ಬರೆದಿದ್ದೇನೆ. ಅವುಗಳಲ್ಲಿ ಎರಡು ನನ್ನವೇ.

ಹಿನ್ನೆಲೆ

ಯಕೃತ್ತು ಕೊಲೆಸ್ಟರಾಲಿನಿಂದ ಪಿತ್ತಾಮ್ಲಗಳನ್ನು ತಯಾರಿಸುತ್ತದೆ. ಮನುಷ್ಯರಲ್ಲಿ ಮುಖ್ಯವಾದವು ಎರಡು, ಕೋಲಿಕ್ ಆಮ್ಲ ಮತ್ತು ಕೀನೋಡಿಆಕ್ಸಿಕೋಲಿಕ್ ಆಮ್ಲ. ಗ್ಲೈಸಿನ್ ಅಥವಾ ಟಾರಿನ್ ಎಂಬ ಸಣ್ಣ ಅಣುವಿನ ಜೊತೆ ಜೋಡಿಸಿಕೊಂಡು ಕರುಳಿಗೆ ಇಳಿಯುವ ಇವು ಸಾಬೂನಿನಂತೆ ಕೆಲಸ ಮಾಡಿ ಕೊಬ್ಬನ್ನು ಚದುರಿಸುತ್ತವೆ. ಕೆಲಸ ಮುಗಿದ ಮೇಲೆ ಸುಮಾರು 95 ಶೇಕಡಾ ಭಾಗ ಮತ್ತೆ ಯಕೃತ್ತಿಗೆ ಮರಳುತ್ತದೆ. ಉಳಿದದ್ದು ಮಲದೊಂದಿಗೆ ಹೊರಗೆ ಹೋಗುತ್ತದೆ. ಒಬ್ಬರ ಲೆಕ್ಕದಲ್ಲಿ ದಿನಕ್ಕೆ ಒಂದು ಗ್ರಾಮಿಗೂ ಕಡಿಮೆ. ಆದರೆ ಬೆನ್ನುಮೂಳೆಯಿರುವ ಪ್ರಾಣಿಗಳೆಲ್ಲವೂ ಪಿತ್ತರಸದಿಂದ ಏನನ್ನಾದರೂ ಮಣ್ಣಿಗೆ, ನೀರಿಗೆ ಸೇರಿಸುತ್ತಲೇ ಇರುತ್ತವೆ.

ಕರುಳಿನ ಬ್ಯಾಕ್ಟೀರಿಯಾಗಳು ಪಿತ್ತಾಮ್ಲದ ಮೇಲೆ ಮಾಡುವ ಕೆಲಸ ಚೆನ್ನಾಗಿ ತಿಳಿದಿದೆ. ಅವು ಮೊದಲು ಗ್ಲೈಸಿನ್, ಟಾರಿನ್‌ಗಳನ್ನು ಕತ್ತರಿಸಿ ತೆಗೆಯುತ್ತವೆ. ಆಮೇಲೆ ಕ್ಲಾಸ್ಟ್ರಿಡಿಯಂ ಸಿಂಡೆನ್ಸ್‌ನಂಥ ಕೆಲವೇ ಪ್ರಭೇದಗಳು 7ನೇ ಇಂಗಾಲದ ಮೇಲಿನ ಹೈಡ್ರಾಕ್ಸಿಲ್ ಗುಂಪನ್ನು ಕಳಚುತ್ತವೆ. ಹೀಗೆ ಕೋಲಿಕ್ ಆಮ್ಲ ಡಿಆಕ್ಸಿಕೋಲಿಕ್ ಆಮ್ಲವಾಗುತ್ತದೆ, ಕೀನೋಡಿಆಕ್ಸಿಕೋಲಿಕ್ ಆಮ್ಲ ಲಿಥೋಕೋಲಿಕ್ ಆಮ್ಲವಾಗುತ್ತದೆ. ಇದನ್ನು ಎಷ್ಟೋ ಕಡೆ ‘ವಿಘಟನೆ’ ಎಂದೇ ಬರೆಯುತ್ತಾರೆ. ನನಗೆ ಆ ಪದ ಇಲ್ಲಿ ಒಪ್ಪಿಗೆಯಾಗುವುದಿಲ್ಲ. ರೆಂಬೆ ಸವರಿದರೆ ಮರ ಕಡಿದಂತಾಗುವುದಿಲ್ಲ. ಕರುಳಿನಲ್ಲಿ ನಾಲ್ಕು ಉಂಗುರಗಳ ಸ್ಟೆರಾಯ್ಡ್ ಚೌಕಟ್ಟು ಹಾಗೆಯೇ ಉಳಿದಿರುತ್ತದೆ. ಅದನ್ನು ಒಡೆದು ಇಂಗಾಲದ ಡೈಆಕ್ಸೈಡಿನವರೆಗೆ ಒಯ್ಯುವವರು ಹೊರಗಿನ ಮಣ್ಣು-ನೀರಿನ ಬ್ಯಾಕ್ಟೀರಿಯಾಗಳು: ಸ್ಯೂಡೋಮೊನಾಸ್, ಕೊಮಾಮೊನಾಸ್, ರೋಡೋಕಾಕಸ್, ಸ್ಫಿಂಗೋಬಿಯಂ ಮುಂತಾದ ಕುಲಗಳಲ್ಲಿ ಹಂಚಿಹೋಗಿರುವ ಕೆಲವು ತಳಿಗಳು.

ನಮ್ಮ ವಿದ್ಯಾರ್ಥಿನಿ ಹುಡುಕುತ್ತಿದ್ದದ್ದು ಇಂಥವನ್ನೇ. ಕೋಲಿಕ್ ಆಮ್ಲದ ಸೋಡಿಯಂ ಲವಣವಾದ ಕೋಲೇಟನ್ನು ಬಿಟ್ಟರೆ ಬೇರೆ ಯಾವ ಇಂಗಾಲದ ಆಹಾರವೂ ಇಲ್ಲದ ಮೀಡಿಯಂನಲ್ಲಿ (ಬ್ಯಾಕ್ಟೀರಿಯಾ ಬೆಳೆಸುವ ದ್ರವದಲ್ಲಿ) ಮಣ್ಣಿನ ಮಾದರಿಗಳನ್ನು ಬೆಳೆಸಿ, ಮತ್ತೆ ಮತ್ತೆ ಹೊಸ ಮೀಡಿಯಂಗೆ ದಾಟಿಸಿ, ಕೊನೆಗೆ ಎರಡು ತಳಿಗಳನ್ನು ಶುದ್ಧ ಮಾಡಿದ್ದಳು. ಅಲ್ಲಿಯವರೆಗೆ ಎಲ್ಲವೂ ಚೆನ್ನಾಗಿತ್ತು.

ಸಮಸ್ಯೆ ಶುರುವಾದ ನಕ್ಷೆ

ಒಂದು ಮಧ್ಯಾಹ್ನ ಆಕೆ ತಂದು ತೋರಿಸಿದ ನಕ್ಷೆ ನೋಡಿ ನನಗೆ ಸಂತೋಷವಾಯಿತು. ಲೀಟರಿಗೆ 1 ಮಿಲಿಮೋಲ್ ಕೋಲೇಟ್ ಹಾಕಿದ ಫ್ಲಾಸ್ಕ್‌ನಲ್ಲಿ ತಳಿ ಕ ಒಂದು ದಿನ ತುಂಬುವ ಮೊದಲೇ ಎಲ್ಲವನ್ನೂ ‘ತಿಂದು’ ಮುಗಿಸಿತ್ತು. ಗೆರೆ ನೇರವಾಗಿ ಸೊನ್ನೆಗೆ ಇಳಿದಿತ್ತು. ಮೂರು ಸಲ ಮಾಡಿದ್ದಳು, ಮೂರು ಸಲವೂ ಅದೇ ಫಲಿತಾಂಶ. ‘ಸಂಪೂರ್ಣ ವಿಘಟನೆ’ ಎಂಬ ಶೀರ್ಷಿಕೆಯ ಕೆಳಗೆ ನಾನು ಸಹಿ ಹಾಕಿ ಮಾರ್ಗದರ್ಶಕಿಯ ಮೇಜಿಗೆ ಕಳಿಸಿದೆ.

ಅವರು ನಕ್ಷೆಯನ್ನು ಪಕ್ಕಕ್ಕಿಟ್ಟು ಬೆಳವಣಿಗೆಯ ಅಂಕಿಗಳನ್ನು ಕೇಳಿದರು. ಬ್ಯಾಕ್ಟೀರಿಯಾ ಎಷ್ಟು ದಟ್ಟವಾಗಿದೆ ಎಂದು ತೋರಿಸುವ ಕಲಕುತನದ ಅಳತೆ ಅದು. ತೀರಾ ಕಡಿಮೆಯಿತ್ತು. ಅಷ್ಟೇ ಪ್ರಮಾಣದ ಇಂಗಾಲವನ್ನು ಬ್ಯಾಕ್ಟೀರಿಯಾ ಸುಲಭವಾಗಿ ತಿನ್ನುವ ಸಕ್ಸಿನೇಟ್ ರೂಪದಲ್ಲಿ ಕೊಟ್ಟ ಫ್ಲಾಸ್ಕ್‌ನಲ್ಲಿ ಬೆಳೆದದ್ದರ ಕಾಲು ಭಾಗವೂ ಇರಲಿಲ್ಲ.

“ಕೋಲೇಟಿನಲ್ಲಿ ಇಪ್ಪತ್ನಾಲ್ಕು ಇಂಗಾಲ ಇದೆಯಮ್ಮ. ಅಷ್ಟೂ ಎಲ್ಲಿಗೆ ಹೋಯಿತು?”

“ಇಂಗಾಲದ ಡೈಆಕ್ಸೈಡ್ ಆಗಿರಬಹುದು, ಮೇಡಂ.”

“ಆಗಿರಬಹುದು. ನೀನು ಅಳೆದಿದ್ದೀಯಾ?”

ಅಳೆದಿರಲಿಲ್ಲ. ಮುಂದಿನ ಎಂಟು ತಿಂಗಳ ಕೆಲಸವೆಲ್ಲ ಈ ಒಂದು ಪ್ರಶ್ನೆಯಿಂದ ಹುಟ್ಟಿತು.

ಅಳತೆಯೊಳಗಿದ್ದ ಕುರುಡು

ಆಕೆ ಬಳಸಿದ್ದು ರಕ್ತದಲ್ಲಿನ ಒಟ್ಟು ಪಿತ್ತಾಮ್ಲವನ್ನು ಅಳೆಯಲು ಎಲ್ಲೆಡೆ ಬಳಕೆಯಲ್ಲಿರುವ ಬಗೆಯ ಕಿಟ್. ಅದರೊಳಗಿನ ಕಿಣ್ವ 3-ಆಲ್ಫಾ-ಹೈಡ್ರಾಕ್ಸಿಸ್ಟೆರಾಯ್ಡ್ ಡಿಹೈಡ್ರೋಜಿನೇಸ್. ಪಿತ್ತಾಮ್ಲದ 3ನೇ ಇಂಗಾಲದ ಮೇಲಿರುವ ಹೈಡ್ರಾಕ್ಸಿಲನ್ನು ಅದು ಕೀಟೋ ಗುಂಪಾಗಿ ಬದಲಿಸುತ್ತದೆ. ಆ ಕ್ರಿಯೆಯಲ್ಲಿ ಬರುವ ಸಂಕೇತವನ್ನು ನಾವು ಓದುತ್ತೇವೆ. ರಕ್ತದ ಮಾದರಿಗೆ ಇದು ಒಳ್ಳೆಯ ವಿಧಾನ.

ಆದರೆ ಕೋಲೇಟನ್ನು ಒಡೆಯುವ ಬ್ಯಾಕ್ಟೀರಿಯಾ ಮಾಡುವ ಮೊಟ್ಟಮೊದಲ ಕೆಲಸವೂ ಅದೇ! ತನ್ನದೇ ಕಿಣ್ವದಿಂದ 3ನೇ ಇಂಗಾಲದ ಹೈಡ್ರಾಕ್ಸಿಲನ್ನು ಕೀಟೋ ಮಾಡುತ್ತದೆ, ಆಮೇಲೆ ಮೊದಲ ಉಂಗುರದಲ್ಲಿ ಎರಡು ಜೋಡಿಬಂಧಗಳನ್ನು ತರುತ್ತದೆ. ಆ ಹೊತ್ತಿಗೆ ಅಣುವಿನಲ್ಲಿ ಇಪ್ಪತ್ನಾಲ್ಕಕ್ಕೆ ಇಪ್ಪತ್ನಾಲ್ಕು ಇಂಗಾಲವೂ ಇರುತ್ತದೆ. ಒಂದು ಉಂಗುರವೂ ಒಡೆದಿರುವುದಿಲ್ಲ. ಆದರೂ ಕಿಟ್‌ಗೆ ಹಿಡಿದುಕೊಳ್ಳಲು ಹೈಡ್ರಾಕ್ಸಿಲ್ ಸಿಗದಿರುವುದರಿಂದ ಅದು ‘ಸೊನ್ನೆ’ ಎನ್ನುತ್ತದೆ. ನಾವು ಮರದ ಮೇಲಿದ್ದ ನಂಬರಿನ ಹಲಗೆ ಕಾಣೆಯಾದದ್ದನ್ನು ನೋಡಿ ಮರವೇ ಹೋಯಿತೆಂದು ಬರೆದಿದ್ದೆವು. ಆ ಕ್ರಿಯೆಯ ಹೆಜ್ಜೆಗಳನ್ನು ಪಾಠ ಹೇಳುವವನು ನಾನು, ಕಿಟ್‌ನ ತತ್ವವೂ ನನಗೆ ಗೊತ್ತಿತ್ತು. ಎರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿರಲಿಲ್ಲ. ಇದು ನನ್ನ ಮೊದಲ ತಪ್ಪು.

ಹಾಗಾಗಿ ದ್ರಾವಣದಲ್ಲಿನ ವಸ್ತುಗಳನ್ನು ಬೇರ್ಪಡಿಸಿ, ಒಂದೊಂದೂ ಬೆಳಕು ಹೀರುವುದನ್ನು ನೋಡಿ ಅಳೆಯುವ ಎಚ್‌ಪಿಎಲ್‌ಸಿ ಯಂತ್ರಕ್ಕೆ ಬಂದೆವು. ಕೋಲೇಟ್ ನೇರಳಾತೀತ ಬೆಳಕನ್ನು ಹೆಚ್ಚುಕಡಿಮೆ ಹೀರುವುದೇ ಇಲ್ಲ. 200 ನ್ಯಾನೋಮೀಟರ್ ಆಸುಪಾಸಿನಲ್ಲಿ ಒಂದು ಕ್ಷೀಣ ಸಂಕೇತ ಕೊಡುತ್ತದೆ, ಅಷ್ಟೆ. ಆದರೆ ಬ್ಯಾಕ್ಟೀರಿಯಾ ಮೊದಲ ಉಂಗುರವನ್ನು ಬದಲಿಸಿದ ಕೂಡಲೇ ಅಣು 245 ನ್ಯಾನೋಮೀಟರ್ ಹತ್ತಿರ ಬಲವಾಗಿ ಹೀರತೊಡಗುತ್ತದೆ. ಅಂದರೆ ಆರಂಭದ ವಸ್ತು ಕಣ್ಣಿಗೆ ಬೀಳುವುದಿಲ್ಲ, ನಡುವಿನವು ಎದ್ದು ಕಾಣುತ್ತವೆ. ಇದು ಗೊತ್ತಿದ್ದರೆ ವರ.

ನಡುವೆ ಒಂದು ವಾರ ಬೇರೆ ಕಾರಣಕ್ಕೆ ಹೋಯಿತು. ಬ್ಯಾಕ್ಟೀರಿಯಾದ ಚಟುವಟಿಕೆ ನಿಲ್ಲಿಸಲು ಮಾದರಿಗೆ ಆಮ್ಲ ಹಾಕುತ್ತಿದ್ದೆವು. ಬ್ಯಾಕ್ಟೀರಿಯಾ ಹಾಕದ ಫ್ಲಾಸ್ಕ್‌ನಲ್ಲೂ ಕೋಲೇಟ್ ಅರ್ಧಕ್ಕಿಂತ ಕೆಳಗಿಳಿದಿತ್ತು! ಸಹಾಯಕರು ಸೆಂಟ್ರಿಫ್ಯೂಜ್ ಟ್ಯೂಬಿನ ತಳದಲ್ಲಿದ್ದ ಬಿಳಿ ಪುಡಿಯನ್ನು ತೋರಿಸಿದರು. ಕೋಲಿಕ್ ಆಮ್ಲದ ಪಿಕೆಎ, ಅಂದರೆ ಅದರ ಅರ್ಧ ಲವಣರೂಪದಲ್ಲೂ ಅರ್ಧ ಆಮ್ಲರೂಪದಲ್ಲೂ ಇರುವ ಪಿಎಚ್ ಮಟ್ಟ, ಸುಮಾರು 5. ಅದಕ್ಕಿಂತ ಹುಳಿಯಾದ ದ್ರಾವಣದಲ್ಲಿ ಅದು ಕರಗಿ ನಿಲ್ಲುವುದಿಲ್ಲ, ತಳಕ್ಕೆ ಕೂರುತ್ತದೆ. ಆಮ್ಲದ ಬದಲು ಮೆಥನಾಲ್ ಹಾಕಿದೆವು, ಸರಿಹೋಯಿತು. ಟಾರೋಕೋಲೇಟ್ ಆಗಿದ್ದರೆ ಈ ತೊಂದರೆ ಬರುತ್ತಿರಲಿಲ್ಲ, ಟಾರಿನ್ ಜೋಡಿಯಾದ ಪಿತ್ತಾಮ್ಲಗಳು ಅಷ್ಟು ಹುಳಿಯಲ್ಲೂ ಕರಗಿಯೇ ಇರುತ್ತವೆ.

ಐದು ಹೋಯಿತು, ಹತ್ತೊಂಬತ್ತು ಉಳಿಯಿತು

ಸರಿಯಾಗಿ ಅಳೆದಾಗ ಕಂಡದ್ದು ಇದು: ಕೋಲೇಟ್ ಕಡಿಮೆಯಾಗುತ್ತಿದ್ದಂತೆ 245ರಲ್ಲಿ ಒಂದು ಪೀಕ್ (ಒಂದು ವಸ್ತುವಿನ ಗುರುತಾಗಿ ನಕ್ಷೆಯಲ್ಲಿ ಏಳುವ ಶಿಖರ) ಏರುತ್ತದೆ, ಅದು ಇಳಿಯುವಾಗ ಅದರ ಜಾಗದಲ್ಲಿ ಇನ್ನೊಂದು ಏರುತ್ತದೆ. ಆ ಎರಡನೆಯದು ಮಾತ್ರ ಇಳಿಯುವುದೇ ಇಲ್ಲ. ದ್ರವ್ಯರಾಶಿ ಮಾಪನಕ್ಕೆ ಕಳಿಸಿದೆವು. ಅಣುಭಾರ 316 ಬಂತು. ಕೋಲಿಕ್ ಆಮ್ಲದ್ದು ಸುಮಾರು 409. ಹೊಂದುವ ರಚನೆ 7,12-ಡೈಹೈಡ್ರಾಕ್ಸಿ-ಆಂಡ್ರೋಸ್ಟಾ-1,4-ಡೈಯೀನ್-3,17-ಡೈಓನ್. ಈ ಕ್ಷೇತ್ರದವರು ಡಿಎಚ್‌ಎಡಿಡಿ ಎಂದು ಕರೆಯುವ ಅಣು.

ಈಗ ಬೆಳವಣಿಗೆಯ ಅಂಕಿಗೆ ಅರ್ಥ ಬಂತು. ಕೋಲೇಟಿನ ಬಾಲದಂಥ ಪಾರ್ಶ್ವಸರಪಳಿಯಲ್ಲಿ ಐದು ಇಂಗಾಲಗಳಿವೆ. ಬ್ಯಾಕ್ಟೀರಿಯಾ ಅದನ್ನು ಕೊಎನ್ಜೈಮ್ ಎ ಎಂಬ ಸಹಾಯಕ ಅಣುವಿನ ಜೊತೆ ಬೆಸೆದು, ಕೊಬ್ಬಿನ ಆಮ್ಲವನ್ನು ಕತ್ತರಿಸುವ ರೀತಿಗೆ ಹತ್ತಿರವಾದ ಕ್ರಮದಲ್ಲಿ ಮೊದಲು ಎರಡು ಇಂಗಾಲದ ಅಸಿಟೈಲ್ ತುಂಡನ್ನು, ಆಮೇಲೆ ಮೂರು ಇಂಗಾಲದ ಪ್ರೊಪಿಯೊನೈಲ್ ತುಂಡನ್ನು ತೆಗೆಯುತ್ತದೆ. ತಳಿ ಕ ಆ ಐದನ್ನು ತಿಂದು, ಹತ್ತೊಂಬತ್ತು ಇಂಗಾಲದ ಚೌಕಟ್ಟನ್ನು ಹೊರಗೆ ಬಿಟ್ಟಿತ್ತು. ಇಪ್ಪತ್ನಾಲ್ಕರಲ್ಲಿ ಐದು! ಸಕ್ಸಿನೇಟಿನ ಬೆಳವಣಿಗೆಯ ಕಾಲು ಭಾಗಕ್ಕಿಂತ ಕಡಿಮೆ ಎಂದು ಮಾರ್ಗದರ್ಶಕಿ ಗುರುತಿಸಿದ್ದ ಅಂಕಿ ಮೊದಲ ದಿನವೇ ಇದನ್ನು ಹೇಳಿತ್ತು.

ಏಕೆ ಅಲ್ಲಿಗೇ ನಿಂತಿತು? ಇಲ್ಲಿ ನನ್ನ ಎರಡನೇ ತಪ್ಪು. ಈ ತಳಿಗೆ ಉಂಗುರ ಒಡೆಯುವ ಜೀನ್‌ಗಳೇ ಇಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಅದನ್ನು ಖಚಿತಪಡಿಸಿಕೊಳ್ಳಲು, ಹುಡುಕುವ ಜೀನ್ ಇದ್ದರೆ ಅದರ ಪ್ರತಿಗಳನ್ನು ತೆಗೆದು ತೋರಿಸುವ ಪಿಸಿಆರ್ ಪರೀಕ್ಷೆ ಮಾಡಿಸಿದೆ, ಏನೂ ಬರಲಿಲ್ಲ, ‘ಇಲ್ಲ’ ಎಂದು ಬರೆದುಕೊಂಡೆ. ಆರು ವಾರ ಅದರಲ್ಲೇ ಹೋಯಿತು. ಆದರೆ ಪ್ರೈಮರ್‌ಗಳನ್ನು, ಅಂದರೆ ಜೀನ್‌ಗೆ ಅಂಟಿಕೊಂಡು ಪ್ರತಿ ತೆಗೆಯಲು ಶುರುಮಾಡಿಸುವ ಡಿಎನ್‌ಎ ತುಣುಕುಗಳನ್ನು, ರೋಡೋಕಾಕಸ್ ಮತ್ತು ಮೈಕೋಬ್ಯಾಕ್ಟೀರಿಯಂ ಗುಂಪಿನ ಜೀನ್‌ಗಳ ಮೇಲೆ ರೂಪಿಸಿದ್ದೆ. ಕ್ಷಯದ ಬ್ಯಾಕ್ಟೀರಿಯಾ ಕೊಲೆಸ್ಟರಾಲನ್ನು ಇದೇ ಮಾದರಿಯ ಕಿಣ್ವಗಳಿಂದ ಒಡೆಯುತ್ತದೆ, ಹಾಗಾಗಿ ಆ ಜೀನ್‌ಗಳ ಬಗ್ಗೆ ಮಾಹಿತಿ ಹೇರಳವಾಗಿ ಸಿಗುತ್ತದೆ. ನಮ್ಮ ತಳಿ ಬೇರೆಯೇ ಆದ ಪ್ರೋಟಿಯೋಬ್ಯಾಕ್ಟೀರಿಯಾ ಗುಂಪಿನದು. ಕಿಣ್ವದ ಕೆಲಸ ಒಂದೇ ಆದರೂ ಡಿಎನ್‌ಎ ಅನುಕ್ರಮ ಪ್ರೈಮರ್ ಅಂಟಿಕೊಳ್ಳುವಷ್ಟು ಹೋಲಬೇಕೆಂದೇನಿಲ್ಲ. ಬೀಗಕ್ಕೆ ಹೊಂದದ ಕೀಲಿ ತಿರುಗಲಿಲ್ಲವೆಂದು ಕೋಣೆ ಖಾಲಿ ಎಂದಂತಾಗಿತ್ತು ನನ್ನ ಮಾತು.

ಫ್ಲಾಸ್ಕ್ ತುಂಬಿದ ಮಟ್ಟ

ತಿರುವು ಬಂದದ್ದು ಮೀಡಿಯಂ ಸಾಲದೆ ಹೋದ ದಿನ. ಹತ್ತು ಸಲ ಮಾದರಿ ತೆಗೆಯಬೇಕಾದ್ದರಿಂದ ಆಕೆ ಯಾವಾಗಲೂ 250 ಮಿಲಿಲೀಟರಿನ ಫ್ಲಾಸ್ಕ್‌ಗೆ 150 ಮಿಲಿಲೀಟರ್ ತುಂಬುತ್ತಿದ್ದಳು. ಅಂದು ಇದ್ದದ್ದು 40 ಮಿಲಿಲೀಟರ್ ಮಾತ್ರ. ಅದನ್ನೇ ಅದೇ ಅಳತೆಯ ಫ್ಲಾಸ್ಕ್‌ಗೆ ಹಾಕಿದಳು. ಮೂರನೇ ದಿನ 245ರಲ್ಲಿ ಏನೂ ಇರಲಿಲ್ಲ. ಮಾದರಿ ಎಲ್ಲೋ ಹಾಳಾಗಿದೆ ಎಂದುಕೊಂಡು ಚೆಲ್ಲಲು ಹೊರಟಿದ್ದಳು.

“ಚೆಲ್ಲಬೇಡಿ ಮೇಡಂ” ಅಂದರು ಸಹಾಯಕರು. “ಈ ಸಲ ಕಮ್ಮಿ ತುಂಬಿಸಿದ್ದಿರಲ್ಲ, ನೀರು ಚೆನ್ನಾಗಿ ಕುಲುಕಾಡ್ತಿತ್ತು. ತುಂಬಿದ ಫ್ಲಾಸ್ಕ್‌ನಲ್ಲಿ ಅದು ಹಂದಾಡೋದೇ ಇಲ್ಲ.”

ಆ ಮಾದರಿಯನ್ನು ಇಟ್ಟುಕೊಂಡದ್ದೇ ಈ ಪ್ರಕರಣದ ಅತಿ ಮುಖ್ಯ ನಿರ್ಧಾರ ಎಂದು ನನಗನ್ನಿಸುತ್ತದೆ. ನಿರೀಕ್ಷೆಗೆ ಹೊಂದದ ಮಾದರಿಯನ್ನು ‘ಹಾಳಾಗಿದೆ’ ಎನ್ನುವುದು ತುಂಬಾ ಸುಲಭ.

ಮರುವಾರ 25, 75, 150 ಮಿಲಿಲೀಟರುಗಳಲ್ಲಿ ಒಂದೇ ಶೇಕರ್ ಮೇಲೆ, ಒಂದೇ ವೇಗದಲ್ಲಿ ಪ್ರಯೋಗ ಮಾಡಿದಳು. 25ರಲ್ಲಿ ಡಿಎಚ್‌ಎಡಿಡಿ ಏರಿ ಇಳಿದು ಹೋಯಿತು. 75ರಲ್ಲಿ ನಿಧಾನವಾಗಿ ಇಳಿಯಿತು. 150ರಲ್ಲಿ ಹಾಗೇ ನಿಂತಿತು.

ವಿವರಣೆ ಕ್ರಿಯಾಮಾರ್ಗದಲ್ಲೇ ಇದೆ. ಪಾರ್ಶ್ವಸರಪಳಿ ಕತ್ತರಿಸುವ ಹೆಜ್ಜೆಗಳಲ್ಲಿ ಆಮ್ಲಜನಕದ ಅಣು ನೇರವಾಗಿ ಅಣುವಿನೊಳಗೆ ಸೇರಬೇಕಾಗಿಲ್ಲ. ಚೌಕಟ್ಟು ಒಡೆಯುವಾಗ ಹಾಗಲ್ಲ. 9ನೇ ಇಂಗಾಲಕ್ಕೆ ಹೈಡ್ರಾಕ್ಸಿಲ್ ಸೇರಿಸಲು ಆಮ್ಲಜನಕ ಬೇಕು. ಅದು ಸೇರಿದ ಮೇಲೆ 9 ಮತ್ತು 10ರ ನಡುವಿನ ಬಂಧ ತಾನಾಗಿ ಬಿಚ್ಚಿಕೊಂಡು ಎರಡನೇ ಉಂಗುರ ತೆರೆಯುತ್ತದೆ, ಮೊದಲನೆಯದು ಬೆಂಜೀನಿನಂಥ ಆರೊಮ್ಯಾಟಿಕ್ ಉಂಗುರವಾಗುತ್ತದೆ. ಆ ಉಂಗುರಕ್ಕೆ ಇನ್ನೊಂದು ಹೈಡ್ರಾಕ್ಸಿಲ್ ಹಾಕಲು ಮತ್ತೆ ಆಮ್ಲಜನಕ, ಅದನ್ನು ಸೀಳಲು ಮತ್ತೊಮ್ಮೆ ಆಮ್ಲಜನಕ. ಹೀಗೆ ಮೂರು ಹೆಜ್ಜೆಗಳಲ್ಲಿ ಅದು ಉಸಿರಾಟಕ್ಕಷ್ಟೇ ಅಲ್ಲ, ಕಚ್ಚಾವಸ್ತುವಾಗಿಯೂ ಬೇಕು. ತುಂಬಿದ ಫ್ಲಾಸ್ಕ್‌ನಲ್ಲಿ ಅದು ಸಾಲುತ್ತಿರಲಿಲ್ಲ. (ಆಮ್ಲಜನಕವಿಲ್ಲದೆ ಸ್ಟೆರಾಯ್ಡ್ ಒಡೆಯುವ ಬ್ಯಾಕ್ಟೀರಿಯಾಗಳೂ ಇವೆ. ಸ್ಟೆರೊಲಿಬ್ಯಾಕ್ಟೀರಿಯಂ ಡಿನೈಟ್ರಿಫಿಕನ್ಸ್ ನೈಟ್ರೇಟ್ ಬಳಸಿ ಕೊಲೆಸ್ಟರಾಲನ್ನು ಒಡೆಯುತ್ತದೆ. ಆದರೆ ಅದರ ದಾರಿಯೇ ಬೇರೆ, ಕಿಣ್ವಗಳೂ ಬೇರೆ.)

ಅಂದಿನಿಂದ ಕರಗಿದ ಸಾವಯವ ಇಂಗಾಲವನ್ನೂ ಪ್ರತಿ ಸಲ ಅಳೆಯತೊಡಗಿದೆವು. ಕಡಿಮೆ ತುಂಬಿದ ಫ್ಲಾಸ್ಕ್‌ನಲ್ಲಿ ಅದು ಆರಂಭದ ಖಾಲಿ ಮೀಡಿಯಂನ ಮಟ್ಟಕ್ಕೆ ಹತ್ತಿರ ಬಂದಾಗ ಮಾತ್ರ ‘ವಿಘಟನೆ’ ಎಂಬ ಪದ ಮತ್ತೆ ಟಿಪ್ಪಣಿ ಪುಸ್ತಕಕ್ಕೆ ಬಂತು.

ಎರಡು ಸೇರಿದರೆ

ತಳಿ ಖ ಬೇರೆಯೇ ಸ್ವಭಾವದ್ದು. ಅದು ಒಂಟಿಯಾಗಿ ಕೋಲೇಟಿನ ಮೇಲೆ ಬೆಳೆಯುವಾಗ ನಡುವಿನ ವಸ್ತುಗಳು 245ರಲ್ಲಲ್ಲ, 290ರ ಬಳಿ ಹೀರುತ್ತಿದ್ದವು. ಇದರ ಅರ್ಥ, ಅದು 7ನೇ ಇಂಗಾಲದ ಹೈಡ್ರಾಕ್ಸಿಲನ್ನು ಮೊದಲೇ ನೀರಿನ ರೂಪದಲ್ಲಿ ಕಳೆದು, 4 ಮತ್ತು 6ರಲ್ಲಿ ಜೋಡಿಬಂಧವಿರುವ ಅಣುಗಳ ದಾರಿ ಹಿಡಿದಿದೆ. ಸ್ಫಿಂಗೋಬಿಯಂ ಕುಲದ ‘ಕೋಲ್11’ ಎಂಬ ತಳಿಯಲ್ಲಿ ಈ ದಾರಿ ವರದಿಯಾಗಿದೆ. ತಳಿ ಖ ಕೂಡ ಕೆಲಸವನ್ನು ಕೊನೆಯವರೆಗೆ ಮುಗಿಸುತ್ತಿತ್ತು.

ಎರಡೂ ತಳಿ ಒಂಟಿಯಾಗಿ ಮುಗಿಸುತ್ತವೆ. ಜೊತೆಗೂಡಿಸಿದರೆ ಇನ್ನೂ ಬೇಗ ಮುಗಿಯಬೇಕಲ್ಲವೇ? ಪ್ರಬಂಧದ ಯೋಜನೆಯಲ್ಲಿ ‘ಎರಡು ತಳಿಗಳ ಮಿಶ್ರಣದಿಂದ ಪಿತ್ತಾಮ್ಲ ನಿರ್ಮೂಲನೆ’ ಎಂಬ ಅಧ್ಯಾಯಕ್ಕೆ ಜಾಗವನ್ನೂ ಬಿಟ್ಟಿದ್ದೆವು.

ಮಿಶ್ರಣದಲ್ಲಿ ಕೋಲೇಟ್ ನಿಜಕ್ಕೂ ಬೇಗ ಹೋಯಿತು. ಡಿಎಚ್‌ಎಡಿಡಿ ಕೂಡ ಹೋಯಿತು. ಆದರೆ ಹೊಸದೊಂದು ಪೀಕ್ ಬಂತು, ಹತ್ತು ದಿನ ಕಳೆದರೂ ಕದಲಲಿಲ್ಲ. ಆಕೆ ಮೊದಲು ಸಂಶಯಪಟ್ಟದ್ದು ಮೂರನೇ ಬ್ಯಾಕ್ಟೀರಿಯಾ ಹೊಕ್ಕಿದೆಯೇ ಎಂದು. ಪ್ಲೇಟಿನ ಮೇಲೆ ಹರಡಿ ನೋಡಿದಳು, ಎರಡೇ ಬಗೆಯ ಕಾಲೊನಿಗಳಿದ್ದವು.

ಆ ಪೀಕ್‌ನ ಹೀರಿಕೆಯ ಚಿತ್ರವನ್ನು ನಾನು ಈಗಲೂ ಮರೆತಿಲ್ಲ. 222, 256, 298 ನ್ಯಾನೋಮೀಟರುಗಳ ಹತ್ತಿರ, ಒಂದರ ಜಾಗದಲ್ಲಿ ಮೂರು ಗುಡ್ಡಗಳು. 3-ಕೀಟೋ ಸ್ಟೆರಾಯ್ಡಿನಲ್ಲಿ 1, 4, 6 ಮೂರೂ ಕಡೆ ಜೋಡಿಬಂಧವಿದ್ದಾಗ ಬರುವ ಚಿತ್ರ ಅದು. ಅಣುಭಾರ 298. ಡಿಎಚ್‌ಎಡಿಡಿಯ 316ಕ್ಕಿಂತ ಸರಿಯಾಗಿ 18 ಕಡಿಮೆ, ಒಂದು ನೀರಿನ ಅಣುವಿನಷ್ಟು.

ಅಲ್ಲಿಂದ ಕಥೆ ತಾನಾಗಿ ಬಿಚ್ಚಿಕೊಂಡಿತು. ತಳಿ ಕ ಪಾರ್ಶ್ವಸರಪಳಿಯನ್ನು ಬೇಗ ತಿಂದು, ಮುಂದಿನ ಹೆಜ್ಜೆಗೆ ಕಾಯುತ್ತಾ ಡಿಎಚ್‌ಎಡಿಡಿಯನ್ನು ತಾತ್ಕಾಲಿಕವಾಗಿ ಹೊರಗೆ ಬಿಡುತ್ತದೆ. ಒಂಟಿಯಾಗಿದ್ದರೆ ಆಮೇಲೆ ಅದನ್ನೇ ಮತ್ತೆ ಒಳಗೆ ಎಳೆದುಕೊಳ್ಳುತ್ತಿತ್ತು. ಈಗ ಪಕ್ಕದಲ್ಲಿ ತಳಿ ಖ ಇದೆ. ಅದು ಸಿಕ್ಕ ಡಿಎಚ್‌ಎಡಿಡಿಯಿಂದ ತನ್ನ ರೂಢಿಯಂತೆ 7ನೇ ಇಂಗಾಲದ ನೀರನ್ನು ಕಳೆಯುತ್ತದೆ. ಹುಟ್ಟಿದ ಅಣು ತಳಿ ಕ-ದ ಕಿಣ್ವಗಳಿಗೂ ಹೊಂದುವುದಿಲ್ಲ, ತಳಿ ಖ-ದ ಮುಂದಿನ ಹೆಜ್ಜೆಗೂ ಹೊಂದುವುದಿಲ್ಲ. ಇಬ್ಬರೂ ಕೈಬಿಟ್ಟ ಹತ್ತೊಂಬತ್ತು ಇಂಗಾಲ ಫ್ಲಾಸ್ಕ್‌ನಲ್ಲಿ ಅನಾಥವಾಗಿ ಉಳಿಯುತ್ತದೆ. ಕೋಲ್11 ತಳಿಯನ್ನು ಸ್ಯೂಡೋಮೊನಾಸ್‌ನ ‘ಕೋಲ್1’ ತಳಿಯೊಂದಿಗೆ ಬೆಳೆಸಿದಾಗಲೂ ಇಂಥದೇ ಮುಂದೆ ಹೋಗದ ಅಣು ಸಿಗುತ್ತದೆಂದು ಆಮೇಲೆ ಓದಿ ತಿಳಿದೆವು.

ಊಹೆಯನ್ನು ಊಹೆಯಾಗಿ ಬಿಡಬಾರದೆಂದು ಆಕೆ ಎರಡು ಪರೀಕ್ಷೆ ಮಾಡಿದಳು. ತಳಿ ಕ ಡಿಎಚ್‌ಎಡಿಡಿಯನ್ನು ಹೊರಬಿಟ್ಟ ಹೊತ್ತಿನ ದ್ರವವನ್ನು ಶೋಧಿಸಿ, ಜೀವಕೋಶಗಳಿಲ್ಲದೆ, ತಳಿ ಖ-ಗೆ ಕೊಟ್ಟಳು: ಮೂರು ಗುಡ್ಡಗಳು ಬಂದವು. ಇನ್ನೊಂದರಲ್ಲಿ ತಳಿ ಕ ತನ್ನ ಕೆಲಸವನ್ನು ಪೂರ್ತಿ ಮುಗಿಸಿದ ಮೇಲೆ ತಳಿ ಖ ಹಾಕಿದಳು: ಬರಲಿಲ್ಲ. ಜೊತೆಗೂಡುವ ಹೊತ್ತು ತಪ್ಪಿದರೆ ಮಾತ್ರ ತೊಡಕು. ತುಂಬಿದ ಫ್ಲಾಸ್ಕ್‌ಗಳಲ್ಲಿ, ಅಂದರೆ ಡಿಎಚ್‌ಎಡಿಡಿ ಹೆಚ್ಚು ಹೊತ್ತು ಹೊರಗೆ ನಿಲ್ಲುವಲ್ಲಿ, ಉಳಿಕೆ ಎಲ್ಲಕ್ಕಿಂತ ಹೆಚ್ಚಿತ್ತು.

ತೀರ್ಮಾನದ ದಿನ

ಮಿಶ್ರಣದ ಅಧ್ಯಾಯವನ್ನು ಏನು ಮಾಡುವುದು ಎಂಬ ಬಗ್ಗೆ ನಮ್ಮಲ್ಲಿ ಒಮ್ಮತವಿರಲಿಲ್ಲ. ಹಳೆಯ ಕಿಟ್‌ನಿಂದಲೇ ಅಳೆದಿದ್ದರೆ ಮಿಶ್ರಣ ಎಲ್ಲಕ್ಕಿಂತ ವೇಗ ಎಂಬ ಸುಂದರ ನಕ್ಷೆ ಸಿಗುತ್ತಿತ್ತು, ಅದರಲ್ಲಿ ಒಂದು ಅಂಕಿಯೂ ಸುಳ್ಳಿರುತ್ತಿರಲಿಲ್ಲ. ಕೋಲೇಟ್ ಕಣ್ಮರೆಯಾಗುವ ವೇಗವನ್ನಷ್ಟೇ ಪ್ರಕಟಿಸಿ, ಉಳಿಕೆಯನ್ನು ಮುಂದಿನ ಕೆಲಸಕ್ಕೆ ಬಿಡೋಣ ಎಂಬ ಸಲಹೆಯೂ ಬಂತು. ವಿದ್ಯಾರ್ಥಿನಿಯ ಅವಧಿ ಮುಗಿಯುತ್ತಿತ್ತು, ಹಾಗಾಗಿ ಆ ಸಲಹೆಯ ಹಿಂದೆ ಕಾಳಜಿಯೇ ಇತ್ತು.

ಬೇಡವೆಂದದ್ದು ಆಕೆಯೇ. “ನೀರಿನಲ್ಲಿ ಕೋಲೇಟ್ ಇರುವುದಕ್ಕಿಂತ ಇದು ಇರುವುದು ಒಳ್ಳೆಯದೆಂದು ನಮಗೆ ಗೊತ್ತಾ ಸರ್?” ಎಂದು ಕೇಳಿದಳು. ಗೊತ್ತಿರಲಿಲ್ಲ. ಉಳಿದಿರುವುದು ಆಂಡ್ರೋಜೆನ್ ಎಂಬ ಪುರುಷ ಹಾರ್ಮೋನುಗಳ ಚೌಕಟ್ಟನ್ನೇ ಹೊತ್ತಿರುವ ಅಣು. ಜೀವಿಗಳ ಮೇಲೆ ಅದರ ಪರಿಣಾಮವನ್ನು ನೋಡದೆ ಅದನ್ನು ‘ನಿರ್ಮೂಲನೆ’ಯ ಫಲ ಎನ್ನುವಂತಿಲ್ಲ. ಅಧ್ಯಾಯದ ಶೀರ್ಷಿಕೆಯಿಂದ ‘ನಿರ್ಮೂಲನೆ’ ಹೋಗಿ ‘ಮಾರ್ಪಾಡು’ ಬಂತು. ಉಳಿಕೆಯ ಪೀಕ್ ಮೊದಲ ಚಿತ್ರದಲ್ಲೇ ಇದೆ. ಪ್ರಬಂಧ ಸಲ್ಲಿಕೆ ಆರು ತಿಂಗಳು ತಡವಾಯಿತು.

ಇಂದು ನಮ್ಮಲ್ಲಿ ಪಿತ್ತಾಮ್ಲದ ಯಾವ ಪ್ರಯೋಗದ ಪುಟದಲ್ಲೂ ಕೋಲೇಟಿನ ಅಂಕಿಯ ಪಕ್ಕದಲ್ಲಿ 245, 290ರ ಪೀಕ್‌ಗಳು, ಕಲಕುತನ, ಕರಗಿದ ಇಂಗಾಲ ಇರಲೇಬೇಕು. ಫ್ಲಾಸ್ಕ್ ಎಷ್ಟರದು, ಎಷ್ಟು ತುಂಬಿದೆ ಎಂಬುದನ್ನು ಸಹಾಯಕರು ತಾವೇ ಬರೆದಿಡುತ್ತಾರೆ.

ಆ ಮೂರು ಗುಡ್ಡಗಳ ಅಣುವನ್ನು ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಇದ್ದೀತೇ ಎಂದು ಆಕೆ ಈಗ ಹುಡುಕುತ್ತಿದ್ದಾಳೆ. ಉಳಿಕೆ ಇರುವ ದ್ರವಕ್ಕೆ ಒಂದು ಚಿಟಿಕೆ ಹಸಿ ಮಣ್ಣು ಹಾಕಿದ ಫ್ಲಾಸ್ಕ್‌ಗಳು, ಅಷ್ಟೇ ಮಣ್ಣನ್ನು ಆಟೋಕ್ಲೇವ್‌ನಲ್ಲಿ ಸಾಯಿಸಿ ಹಾಕಿದ ಫ್ಲಾಸ್ಕ್‌ಗಳು, ಎಲ್ಲವನ್ನೂ 25 ಮಿಲಿಲೀಟರ್ ಮಾತ್ರ ತುಂಬಿ ಶೇಕರ್ ಮೇಲೆ ಇಟ್ಟಿದ್ದಾಳೆ. ನಿನ್ನೆಗೆ ಹನ್ನೊಂದು ದಿನ. ಹಸಿ ಮಣ್ಣಿನವುಗಳಲ್ಲಿ ಪೀಕ್ ಕಾಣುವಷ್ಟು ತಗ್ಗಿದೆ. ಸತ್ತ ಮಣ್ಣಿನವುಗಳಲ್ಲೂ ಅಷ್ಟೇ ತಗ್ಗಿದೆ. “ಮಣ್ಣಿಗೆ ಅಂಟಿಕೊಂಡಿದೆ, ಒಡೆದಿಲ್ಲ” ಎಂದು ಪುಟದ ಅಂಚಿನಲ್ಲಿ ಬರೆದು, ಹೊಸ ಮಣ್ಣು ತರಲು ಹೊರಟಳು.